ಹಳೆಯ ನಕ್ಷೆಯ ಕೆತ್ತನೆ ಅಕ್ಷರವನ್ನು ಪತ್ತೆಹಚ್ಚುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ದಾಲ್ ಮಿಲ್‌ಗಳಿಂದ, ಶಹಾಬಾದಿನ ಕಲ್ಲು ಕೊಯ್ಯುವ ಘಟಕಗಳಿಂದ, ವಾಡಿಯ ಕಡೆಯ ವರ್ಕ್‌ಶಾಪ್‌ಗಳಿಂದ ಹಳೆಯ ಯಂತ್ರಗಳ ನಕ್ಷೆಗಳೂ ಸವೆದ ಹಿತ್ತಾಳೆಯ ಹೆಸರುಫಲಕಗಳೂ ನನ್ನ ಬಳಿಗೆ ಬರುತ್ತವೆ. ನಕ್ಷೆಯನ್ನು ಹೊಸದಾಗಿ ಬರೆದುಕೊಡುವುದು, ಫಲಕವನ್ನು ಮತ್ತೆ ಕೆತ್ತಿಸಿಕೊಡುವುದು ನನ್ನ ಕೆಲಸ. ತಂದವರು ಬಹುತೇಕ ಕೇಳುವುದು ಒಂದೇ ಮಾತು: ‘ಇದೇ ಅಕ್ಷರ ಬೇಕು, ಇದರ ಫಾಂಟ್ ಯಾವುದು?’ ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತಿದ್ದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನನ್ನ ನಕ್ಷೆಯಲ್ಲಿರುವ ಅಕ್ಷರಕ್ಕೆ ಒಂದು ಹೆಸರು ಇದ್ದೇ ಇರುತ್ತದೆಯೇ?

ಇರಬೇಕೆಂದಿಲ್ಲ. ಇಂದು ನಾವು ಫಾಂಟ್ ಎಂದು ಕರೆಯುವುದು ಹೆಸರಿಟ್ಟು ಹಂಚಿದ ಒಂದು ಕಡತ; ಹಳೆಯ ನಕ್ಷೆಯ ಅಕ್ಷರವಾದರೋ ಒಂದು ಉಪಕರಣ ನಡೆದ ಜಾಡು. ಆ ಉಪಕರಣ ನಕ್ಷೆಗಾರನ ಕೈಯಲ್ಲಿನ ಲೇಖನಿಯಾಗಿರಬಹುದು, ಅಕ್ಷರ ಕೊರೆದ ಪ್ಲಾಸ್ಟಿಕ್ ಸ್ಟೆನ್ಸಿಲ್ ಆಗಿರಬಹುದು, ತೋಡಿನೊಳಗೆ ಮೊಳೆ ಓಡಿಸಿ ಬರೆಯುವ ಲೆರಾಯ್ ಸಾಧನವಾಗಿರಬಹುದು, ಹಿತ್ತಾಳೆಯ ಮೇಲಾದರೆ ದೊಡ್ಡ ಮೂಲ ಅಕ್ಷರವನ್ನು ಕುಗ್ಗಿಸಿ ಕೆತ್ತುವ ಪ್ಯಾಂಟೋಗ್ರಾಫ್ ಯಂತ್ರವಾಗಿರಬಹುದು, ಇತ್ತೀಚಿನದಾದರೆ ಕಂಪ್ಯೂಟರಿನ ಆಜ್ಞೆಯಂತೆ ಲೇಖನಿ ಓಡಿಸುವ ಪ್ಲಾಟರ್ ಆಗಿರಬಹುದು. ಆದ್ದರಿಂದ ಮೊದಲು ಉಪಕರಣವನ್ನು ಗುರುತಿಸಬೇಕು. ಹೆಸರು ಸಿಗುವುದಿದ್ದರೆ ಅದರ ಹಿಂದೆಯೇ ಸಿಗುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ಫಾಂಟ್ ಹುಡುಕುವ ತಂತ್ರಾಂಶಕ್ಕೆ ಕೊಟ್ಟರೆ ಅದು ಹೆಚ್ಚಾಗಿ ದುಂಡು ತುದಿಯ ಯಾವುದೋ ಆಧುನಿಕ ಫಾಂಟನ್ನು ತೋರಿಸುತ್ತದೆ. ಆ ಉತ್ತರವನ್ನು ನಂಬಿ ಹಣ ಕೊಟ್ಟು ಫಾಂಟ್ ಕೊಂಡವರನ್ನು ನಾನು ಕಂಡಿದ್ದೇನೆ.

ಕೈಬರಹವೋ ಅಚ್ಚಿನ ಅಕ್ಷರವೋ ಎಂದು ತಿಳಿಯುವುದು ಹೇಗೆ?

ನಕ್ಷೆಯಲ್ಲಿ ಒಂದೇ ಅಂಕಿ ಐದಾರು ಕಡೆ ಬಂದಿರುವುದನ್ನು ಹುಡುಕಿ, ಒಂದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಗಟ್ಟಿ ಪೆನ್ಸಿಲಿನಿಂದ ನಕಲು ತೆಗೆದುಕೊಂಡು, ಆ ನಕಲನ್ನು ಉಳಿದವುಗಳ ಮೇಲೆ ಕೂಡಿಸಿ ನೋಡಿ. ಕೂದಲಿನಷ್ಟೂ ವ್ಯತ್ಯಾಸವಿಲ್ಲದೆ ಕೂತರೆ ಅದು ಅಚ್ಚಿನದು. ಒಳ್ಳೆಯ ನಕ್ಷೆಗಾರನ ಕೈ ಎಷ್ಟೇ ಪಳಗಿದ್ದರೂ ಎರಡರ ಕೊಕ್ಕು, ಆರರ ಹೊಟ್ಟೆ ಪ್ರತಿ ಸಲವೂ ತುಸು ಬದಲಾಗುತ್ತವೆ.

ಅಚ್ಚಿನದೆಂದು ತೀರ್ಮಾನವಾದ ಮೇಲೆ ಭೂತಗನ್ನಡಿ ಹಿಡಿಯಿರಿ. ರೈಕೊ ಎಂಬ ಅಮೆರಿಕದ ಮಾರ್ಗದರ್ಶಿ ಪಟ್ಟಿಗಳಲ್ಲಿ ಒಂದೇ ಅಕ್ಷರವನ್ನು ಪೂರ್ಣಗೊಳಿಸಲು ಪಟ್ಟಿಯನ್ನು ಸರಿಸಬೇಕಾಗುತ್ತಿತ್ತು; ಹಾಗಾಗಿ ಎಂಟು, ಬಿ ಮುಂತಾದ ಮುಚ್ಚಿದ ಆಕಾರಗಳಲ್ಲಿ ಎರಡು ಗೆರೆ ಸೇರುವ ಕಡೆ ಶಾಯಿ ತುಸು ಗಂಟು ಕಟ್ಟಿರುತ್ತದೆ ಅಥವಾ ಗೆರೆ ಸ್ವಲ್ಪ ಜಾರಿರುತ್ತದೆ. ಕಾಯ್ಫೆಲ್ ಅಂಡ್ ಎಸ್ಸರ್ ಕಂಪನಿಯ ಲೆರಾಯ್ ಸಾಧನದಲ್ಲಿ ಹೀಗಾಗುವುದಿಲ್ಲ. ಅದರಲ್ಲಿ ಒಂದು ಮೊಳೆ ಪಟ್ಟಿಯ ಉದ್ದನೆಯ ತೋಡಿನಲ್ಲಿ ಜಾರುತ್ತದೆ, ಇನ್ನೊಂದು ಮೊಳೆ ಕೊರೆದ ಅಕ್ಷರದೊಳಗೆ ಸುತ್ತುತ್ತದೆ, ಲೇಖನಿ ಮಾತ್ರ ಪಟ್ಟಿಯಿಂದ ದೂರ ನಿಂತು ಅದೇ ಚಲನೆಯನ್ನು ಕಾಗದದ ಮೇಲೆ ಮಾಡುತ್ತದೆ. ಗೆರೆ ಎಲ್ಲಿಯೂ ತುಂಡಾಗದೆ, ದಪ್ಪ ಎಲ್ಲಿಯೂ ಬದಲಾಗದೆ, ತುದಿಗಳು ದುಂಡಾಗಿದ್ದರೆ ಲೆರಾಯ್ ಅಥವಾ ಅದರ ಮಾದರಿಯ ಸಾಧನವನ್ನು ಮೊದಲು ಶಂಕಿಸಿ.

ಹಿತ್ತಾಳೆ ಫಲಕದ ಮೇಲಿನ ಅಕ್ಷರವೂ ಲೆರಾಯ್ ಅಕ್ಷರವೂ ಅಣ್ಣತಮ್ಮಂದಿರಂತೆ ಕಾಣುವುದೇಕೆ?

ಎರಡೂ ಒಂದೇ ಮನೆತನದವು. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ 1886ರಲ್ಲಿ ಟೇಲರ್ ಸಹೋದರರು ಮಸೂರ ತಯಾರಿಕೆಯ ಸಂಸ್ಥೆಯೊಂದನ್ನು ಆರಂಭಿಸಿದರು. ಹಾಬ್ಸನ್ ಎಂಬವರು ಸೇರಿದ ಮೇಲೆ ಅದು ಟೇಲರ್, ಟೇಲರ್ ಅಂಡ್ ಹಾಬ್ಸನ್ ಎಂದು ಹೆಸರಾಯಿತು. ಮಸೂರದ ಲೋಹದ ಉಂಗುರದ ಮೇಲೆ ಸಂಖ್ಯೆಗಳನ್ನು ಸಣ್ಣದಾಗಿ, ಸ್ಪಷ್ಟವಾಗಿ, ಪ್ರತಿ ಸಲವೂ ಒಂದೇ ರೀತಿಯಲ್ಲಿ ಕೆತ್ತಬೇಕಾಗಿದ್ದರಿಂದ ಅವರು 1890ರ ದಶಕದಲ್ಲಿ ತಮ್ಮದೇ ಕೆತ್ತನೆ ಯಂತ್ರವನ್ನೂ ಅದಕ್ಕೆ ಬೇಕಾದ ಅಕ್ಷರಮಾಲೆಯನ್ನೂ ರೂಪಿಸಿಕೊಂಡರು. ಅದೇ ಶತಮಾನದ ಕೊನೆಯ ವರ್ಷಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಸೀನ್ ಊರಿನ ಜಾರ್ಜ್ ಗಾರ್ಟನ್ ಕಂಪನಿ ಆ ಯಂತ್ರವನ್ನು ಅಲ್ಲಿ ತಯಾರಿಸತೊಡಗಿತು. ಅಕ್ಷರಕ್ಕೆ ಗಾರ್ಟನ್ ಎಂಬ ಹೆಸರು ಅಂಟಿಕೊಂಡದ್ದು ಹೀಗೆ. ಕೀಬೋರ್ಡಿನ ಗುಂಡಿಗಳಿಂದ ಹಿಡಿದು ಚಂದ್ರನತ್ತ ಹೋದ ಅಪೊಲೊ ನೌಕೆಯ ನಿಯಂತ್ರಣ ಫಲಕಗಳವರೆಗೆ ಅದು ಹರಡಿತು. ಲೆರಾಯ್ ಪಟ್ಟಿಗಳ ಅಕ್ಷರವೂ ಅದೇ ಬಳ್ಳಿಯ ಕಾಯಿ.

ಯಂತ್ರ ಕೆಲಸ ಮಾಡುವ ಬಗೆಯನ್ನು ತಿಳಿದುಕೊಂಡರೆ ಅಕ್ಷರದ ಸ್ವಭಾವವೇ ಅರ್ಥವಾಗುತ್ತದೆ. ದೊಡ್ಡದಾಗಿ ಕೊರೆದ ಹಿತ್ತಾಳೆಯ ಮೂಲ ಅಕ್ಷರದ ತೋಡಿನಲ್ಲಿ ಕೆಲಸಗಾರನು ಮೊಳೆಯನ್ನು ಓಡಿಸುತ್ತಾನೆ. ಸಮಾನಾಂತರ ಚತುರ್ಭುಜದ ಸನ್ನೆಗಳು ಆ ಚಲನೆಯನ್ನು ನಿಗದಿತ ಅನುಪಾತದಲ್ಲಿ ಕುಗ್ಗಿಸಿ, ತಿರುಗುತ್ತಿರುವ ಕತ್ತರಿಗೆ (ಲೋಹ ಕೊರೆಯುವ ಮೊನೆಯ ಕಟರ್) ಮುಟ್ಟಿಸುತ್ತವೆ. ಇಲ್ಲಿ ಗಮನಿಸಬೇಕಾದದ್ದೆಂದರೆ, ಅನುಪಾತ ಬದಲಾದರೆ ಅಕ್ಷರದ ಎತ್ತರ ಬದಲಾಗುತ್ತದೆ, ಗೆರೆಯ ದಪ್ಪ ಬದಲಾಗುವುದಿಲ್ಲ. ದಪ್ಪವನ್ನು ನಿರ್ಧರಿಸುವುದು ಕತ್ತರಿಯ ಮೊನೆ ಮತ್ತು ಅದು ಲೋಹದೊಳಗೆ ಇಳಿದ ಆಳ. ಒಂದೇ ಮೂಲದಿಂದ, ಒಂದೇ ಕತ್ತರಿಯಿಂದ ಕೆತ್ತಿದ 2 ಮಿ.ಮೀ. ಅಕ್ಷರ ದಪ್ಪಗೆ ಕಾಣುತ್ತದೆ, 10 ಮಿ.ಮೀ. ಅಕ್ಷರ ಸಣಕಲಾಗಿ ಕಾಣುತ್ತದೆ. ಒಂದೇ ಫಲಕದಲ್ಲಿ ಎರಡು ಫಾಂಟ್‌ಗಳಿವೆ ಎಂದು ಹೇಳಿಕೊಂಡು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಅಕ್ಷರಮಾಲೆಯ ಎರಡು ಗಾತ್ರ.

ಏನನ್ನು, ಹೇಗೆ ಅಳೆಯಬೇಕು?

ದೊಡ್ಡಕ್ಷರದ ಎತ್ತರ ಮತ್ತು ಗೆರೆಯ ದಪ್ಪ, ಇವೆರಡು ಸಾಕು. ಆದರೆ ಅಳೆಯುವ ಮೊದಲು ಕಾಗದವನ್ನು ನಂಬಬೇಡಿ. ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಬೀರುವಿನೊಳಗೆ ಹತ್ತಾರು ವರ್ಷ ಬಿದ್ದಿದ್ದ ನಕ್ಷೆ ಕುಗ್ಗಿರುತ್ತದೆ, ಅದೂ ಉದ್ದಕ್ಕೆ ಒಂದಷ್ಟು, ಅಗಲಕ್ಕೆ ಇನ್ನೊಂದಷ್ಟು. ನಕ್ಷೆಯಲ್ಲಿ ಅಳತೆ ನಮೂದಾಗಿರುವ ಉದ್ದನೆಯ ಗೆರೆಗಳಲ್ಲಿ ಎರಡೂ ದಿಕ್ಕಿಗೆ ಒಂದೊಂದನ್ನು ಅಳೆದು, ಎಷ್ಟು ಕುಗ್ಗಿದೆ ಎಂದು ಲೆಕ್ಕ ಹಾಕಿ, ಆ ಪ್ರಮಾಣದಲ್ಲಿ ಅಕ್ಷರದ ಅಳತೆಯನ್ನು ಸರಿಪಡಿಸಿಕೊಳ್ಳಿ.

ಸ್ಕ್ಯಾನ್ ಮಾಡುವುದಾದರೆ ಇಂಚಿಗೆ 600 ಚುಕ್ಕಿಗಳಿಗಿಂತ ಕಡಿಮೆ ಬೇಡ. ಆ ದರದಲ್ಲಿ 3.5 ಮಿ.ಮೀ. ಎತ್ತರದ ಅಕ್ಷರಕ್ಕೆ ಸುಮಾರು 83 ಚುಕ್ಕಿ, ಅದರ 0.35 ಮಿ.ಮೀ. ಗೆರೆಗೆ ಸುಮಾರು 8 ಚುಕ್ಕಿ ಸಿಗುತ್ತವೆ. ತುದಿ ದುಂಡೋ ಚೌಕವೋ ಎಂದು ನಿರ್ಣಯಿಸಲು ಇಷ್ಟಾದರೂ ಬೇಕು. ಪರಿಚಿತರ ವಾಟ್ಸಾಪ್ ಮೂಲಕ ಬಂದ ಚಿತ್ರದಿಂದ ಅಕ್ಷರವನ್ನು ಗುರುತಿಸಲು ನಾನು ಒಪ್ಪುವುದಿಲ್ಲ.

ಎತ್ತರ ತಿಳಿದ ಮೇಲೆ ಎರಡು ಸಾಲುಗಳೊಂದಿಗೆ ಹೋಲಿಸಿ. 2.5, 3.5, 5, 7, 10, 14, 20 ಮಿ.ಮೀ. ಎಂಬ ಸಾಲು ನಕ್ಷೆಯ ಅಕ್ಷರಗಳ ಅಂತರರಾಷ್ಟ್ರೀಯ ಮಾನಕ ಐಎಸ್ಒ 3098ರದು. ಪ್ರತಿ ಎತ್ತರವೂ ಹಿಂದಿನದರ ಸುಮಾರು 1.4 ಪಟ್ಟು, ಅಂದರೆ ಎರಡರ ವರ್ಗಮೂಲದಷ್ಟು ಪಟ್ಟು. ಆ ಮಾನಕದ ಎ ಮಾದರಿಯಲ್ಲಿ ಗೆರೆಯ ದಪ್ಪ ಎತ್ತರದ ಹದಿನಾಲ್ಕನೇ ಒಂದು ಭಾಗ, ಬಿ ಮಾದರಿಯಲ್ಲಿ ಹತ್ತನೇ ಒಂದು ಭಾಗ. ಓರೆ ಅಕ್ಷರವಾದರೆ ಅಡ್ಡಗೆರೆಗೆ 75 ಡಿಗ್ರಿ ಕೋನ. ಲೆರಾಯ್ ಪಟ್ಟಿಗಳ ಸಂಖ್ಯೆಯಾದರೋ ಇಂಚಿನ ಸಾವಿರದ ಲೆಕ್ಕದ್ದು: 100 ಎಂಬ ಪಟ್ಟಿಯ ಅಕ್ಷರ 2.54 ಮಿ.ಮೀ., 140 ಎಂಬುದು 3.56, 200 ಎಂಬುದು 5.08. ಈ ಎರಡು ಸಾಲುಗಳು ಎಷ್ಟು ಹತ್ತಿರ ಬರುತ್ತವೆಂದರೆ, ಕಾಗದದ ಕುಗ್ಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರು ಒಂದನ್ನು ಇನ್ನೊಂದೆಂದು ಭಾವಿಸುವುದು ಖಚಿತ. ಎತ್ತರವೊಂದರಿಂದಲೇ ತೀರ್ಮಾನಿಸದೆ ಆಕಾರವನ್ನೂ ನೋಡಬೇಕಾದದ್ದು ಇದಕ್ಕಾಗಿಯೇ.

ಯಾವ ಅಕ್ಷರಗಳನ್ನು ಮುಖ್ಯವಾಗಿ ನೋಡಬೇಕು?

ಐ, ಎಲ್, ಓ, ಟಿ ಇವುಗಳಿಂದ ಏನೂ ತಿಳಿಯುವುದಿಲ್ಲ. ಎಲ್ಲ ಮಾದರಿಗಳಲ್ಲೂ ಅವು ಒಂದೇ ತರಹ. ಮೂರರ ತಲೆ ಚಪ್ಪಟೆಯೋ ದುಂಡೋ, ನಾಲ್ಕರ ಮೇಲ್ಭಾಗ ತೆರೆದಿದೆಯೋ ಮುಚ್ಚಿದೆಯೋ, ಆರು ಮತ್ತು ಒಂಬತ್ತರ ಬಾಲ ನೆಟ್ಟಗಿದೆಯೋ ಬಾಗಿದೆಯೋ, ಏಳಕ್ಕೆ ಅಡ್ಡಗೆರೆ ಇದೆಯೋ, ಎಂ ಅಕ್ಷರದ ನಡುವಿನ ಮೊನೆ ಪಾದದ ಗೆರೆಯನ್ನು ಮುಟ್ಟುತ್ತದೆಯೋ ಅರ್ಧಕ್ಕೇ ನಿಲ್ಲುತ್ತದೆಯೋ, ಜಿ ಅಕ್ಷರದ ಒಳಗೆರೆ ಎಷ್ಟು ಉದ್ದವಿದೆ, ಆರ್ ಅಕ್ಷರದ ಕಾಲು ಎಲ್ಲಿಂದ ಹೊರಡುತ್ತದೆ, ಕ್ಯೂ ಅಕ್ಷರದ ಬಾಲ ವೃತ್ತವನ್ನು ಸೀಳುತ್ತದೆಯೇ, ಇವುಗಳನ್ನು ಬರೆದಿಟ್ಟುಕೊಳ್ಳಿ. ಈ ಎಂಟು ಗುರುತುಗಳಲ್ಲಿ ಆರು ಹೊಂದಿದರೆ ನಾನು ಅದೇ ಮನೆತನವೆಂದು ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಗಾರ್ಟನ್ ಬಳಗದಲ್ಲಿಯೇ ಅಗಲವಾದ, ಕಿರಿದಾದ, ತಿದ್ದಿದ ರೂಪಗಳು ಅನೇಕ ಇವೆ.

ಅಂಕಿಗಳಿಗೆ ನಾನು ಹೆಚ್ಚು ಮಹತ್ವ ಕೊಡುವುದಕ್ಕೆ ಇನ್ನೊಂದು ಕಾರಣವಿದೆ. ಒಮ್ಮೆ ಬೇಳೆ ಒಡೆಯುವ ಯಂತ್ರದ ಶಾಫ್ಟ್ ಒಂದರ ನಕ್ಷೆಯನ್ನು ನಾನು ಹೊಸದಾಗಿ ಬರೆದುಕೊಟ್ಟಿದ್ದೆ. ಮಸುಕಾದ ಅಮೋನಿಯಾ ಪ್ರಿಂಟಿನಲ್ಲಿ (ಅಮೋನಿಯಾ ಆವಿಯಿಂದ ಮೂಡಿಸುವ ನಕ್ಷೆಯ ನಕಲು) ದುಂಡು ತಲೆಯ ಮೂರು ನನಗೆ ಎಂಟಾಗಿ ಕಂಡಿತು. 33 ಇರಬೇಕಾದ ವ್ಯಾಸ 38 ಎಂದು ದಾಖಲಾಗಿ, ವರ್ಕ್‌ಶಾಪಿನವರು ಹಾಗೆಯೇ ಶಾಫ್ಟ್ ತಯಾರಿಸಿದರು. ಬೇರಿಂಗಿಗೆ ಅದು ಹೋಗಲಿಲ್ಲ. ಅದೇ ನಕ್ಷೆಯ ಮತ್ತೊಂದು ಮೂಲೆಯಲ್ಲಿ ಸ್ಪಷ್ಟವಾದ ಎಂಟು ಇತ್ತು. ಅದರ ನಕಲನ್ನು ಇದರ ಮೇಲಿಟ್ಟು ನೋಡಿದ್ದರೆ ಎಡಬದಿಯ ಗೆರೆ ಇಲ್ಲವೆಂಬುದು ಕೂಡಲೇ ತಿಳಿಯುತ್ತಿತ್ತು. ಚಪ್ಪಟೆ ತಲೆಯ ಮೂರನ್ನು ಬಳಸಿದ ಹಳೆಯ ನಕ್ಷೆಗಾರರ ಮೇಲೆ ಅಂದಿನಿಂದ ನನಗೆ ಅಪಾರ ಗೌರವ.

ನಕ್ಷೆಯ ಕಾಲವನ್ನು ತಿಳಿದರೆ ಅಕ್ಷರ ಹುಡುಕುವುದು ಸುಲಭವಾಗುತ್ತದೆಯೇ?

ಬಹಳ ಸುಲಭವಾಗುತ್ತದೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಮಾರ್ಗ 1874ರಲ್ಲಿ ತೆರೆಯಿತು. ಅಂದಿನಿಂದ ಈ ಭಾಗಕ್ಕೆ ಬ್ರಿಟನ್ನಿನ ಯಂತ್ರಗಳೂ ಅವುಗಳ ಫಲಕಗಳೂ ಬರತೊಡಗಿದವು. 1948ರವರೆಗೆ ಈ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಇಲ್ಲಿಯೇ ತಯಾರಾದ ಕಾಗದಪತ್ರಗಳಲ್ಲಿ ಇಂಗ್ಲಿಷಿನ ಜೊತೆಗೆ ಉರ್ದು ಕಾಣಿಸಿಕೊಂಡರೆ ಆಶ್ಚರ್ಯಪಡಬೇಕಿಲ್ಲ. ಅಳತೆಗಳು ಅಡಿ ಮತ್ತು ಇಂಚಿನಲ್ಲಿದ್ದರೆ ನಕ್ಷೆ ಹೆಚ್ಚಾಗಿ 1960ರ ದಶಕಕ್ಕಿಂತ ಹಿಂದಿನದು, ಏಕೆಂದರೆ ಮೆಟ್ರಿಕ್ ಪದ್ಧತಿಯ ಕಾಯ್ದೆ 1956ರದು. ಬಳಕೆ ಹಂತಹಂತವಾಗಿ ಬಂತು. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1958ರಲ್ಲಿ, ಅಂದರೆ ಇಂಚಿನಿಂದ ಮಿಲಿಮೀಟರಿಗೆ ದಾಟುತ್ತಿದ್ದ ಅದೇ ಹೊತ್ತಿನಲ್ಲಿ. ಐಎಸ್ಒ 3098ರ ಮೊದಲ ಭಾಗ ಪ್ರಕಟವಾದದ್ದು 1974ರಲ್ಲಿ. ಅದಕ್ಕೆ ಸಂವಾದಿಯಾದ ಭಾರತೀಯ ಮಾನಕ ಐಎಸ್ 9609. ಕಾಲೇಜುಗಳಲ್ಲಿ ಎಲ್ಲರಿಗೂ ಪರಿಚಿತವಾದ ಎಸ್‌ಪಿ 46 ಎಂಬ ಎಂಜಿನಿಯರಿಂಗ್ ನಕ್ಷೆಯ ಕೈಪಿಡಿ 1988ರದು. ಇಂಚಿನ ನಕ್ಷೆಯೊಂದಕ್ಕೆ ಐಎಸ್ಒ ಅಕ್ಷರವನ್ನು ಕೂಡಿಸುವವರು ಈ ವರ್ಷಗಳನ್ನು ಒಮ್ಮೆ ನೋಡಿಕೊಳ್ಳಬೇಕು.

ಫಲಕ ಪೂರ್ತಿ ಸವೆದಿದೆ, ಅಕ್ಷರ ಓದಲಾಗುತ್ತಿಲ್ಲ. ಏನು ಮಾಡಲಿ?

ದಯವಿಟ್ಟು ಪಾಲಿಶ್ ಹಾಕಿ ಉಜ್ಜಬೇಡಿ. ಹುಣಸೆಹಣ್ಣೂ ಬೇಡ. ಉಳಿದಿರುವ ಅಷ್ಟಿಷ್ಟು ಅಂಚನ್ನೂ ಅದು ತಿಂದುಹಾಕುತ್ತದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಫಲಕದ ಮಟ್ಟಕ್ಕೆ ತಂದು ಒಂದು ಬದಿಯಿಂದ ಬೆಳಕು ಬಿಟ್ಟರೆ ತೋಡುಗಳಲ್ಲಿ ನೆರಳು ನಿಲ್ಲುತ್ತದೆ. ನಾಲ್ಕು ದಿಕ್ಕಿನಿಂದಲೂ ಹೀಗೆ ಬೆಳಕು ಬಿಟ್ಟು, ಪಕ್ಕದಲ್ಲಿ ಸ್ಕೇಲು ಇಟ್ಟು, ನೇರ ಮೇಲಿನಿಂದ ಫೋಟೊ ತೆಗೆಯಿರಿ. ಬಳಿಕ ತೆಳು ಕಾಗದ ಹೊದಿಸಿ ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಉಜ್ಜಿ ಅಚ್ಚು ತೆಗೆಯಿರಿ. ತೋಡಿನೊಳಗೆ ಸೀಮೆಸುಣ್ಣದ ಪುಡಿ ತುಂಬುವುದೂ ಆಗುತ್ತದೆ.

ಹಳೆಯ ಟ್ರೇಸಿಂಗ್ ಬಟ್ಟೆಯ ವಿಷಯದಲ್ಲಿ ಒಂದು ಎಚ್ಚರಿಕೆ: ಅದಕ್ಕೆ ಗಂಜಿ ಕೊಟ್ಟಿರುತ್ತಾರೆ, ಒದ್ದೆ ಬಟ್ಟೆಯಿಂದ ಒರೆಸಿದರೆ ನಕ್ಷೆಯೇ ಹಾಳಾಗುತ್ತದೆ. ನೀಲಿ ಪ್ರಿಂಟುಗಳನ್ನಾಗಲಿ ಅಮೋನಿಯಾ ಪ್ರಿಂಟುಗಳನ್ನಾಗಲಿ ಬಿಸಿಲಿನಲ್ಲಿ ಹರಡಿ ಫೋಟೊ ತೆಗೆಯಬಾರದು. ಬೆಳಕಿಗೆ ಎರಡೂ ಮಾಸುತ್ತವೆ.

ಬಿದರಿ ಕಲಾವಿದರಿಂದ ಇಂಥ ಫಲಕ ಕೆತ್ತಿಸಬಹುದೇ?

ಬೀದರಿನಿಂದ ಬಂದವರೆಲ್ಲ ಈ ಪ್ರಶ್ನೆ ಕೇಳುತ್ತಾರೆ, ಕೇಳುವುದು ಸಹಜವೂ ಹೌದು. ಬಿದರಿಯ ಕೆತ್ತನೆ ಬೇರೆಯದೇ ವಿದ್ಯೆ. ಸತು ಹೆಚ್ಚಾಗಿ, ತಾಮ್ರ ಸ್ವಲ್ಪವಾಗಿ ಇರುವ ಮಿಶ್ರಲೋಹವನ್ನು ಎರಕ ಹೊಯ್ದು, ಮೈಲುತುತ್ತದ ದ್ರಾವಣ ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಆ ಕಪ್ಪಿನ ಮೇಲೆ ಮೊನೆಯಿಂದ ಗೀರಿ ಚಿತ್ತಾರ ಬರೆದು, ಉಳಿಯಿಂದ ತೋಡಿ, ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂಡಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಲ್ಲಿ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಅಲ್ಲಿ ಗೆರೆಯ ಪ್ರಾಣವಿರುವುದೇ ಕೈಯ ಒತ್ತಡದ ಏರಿಳಿತದಲ್ಲಿ. ಪ್ಯಾಂಟೋಗ್ರಾಫ್ ಅಕ್ಷರಕ್ಕೆ ಬೇಕಾದದ್ದು ಏರಿಳಿತವೇ ಇಲ್ಲದ ಗೆರೆ. ಒಬ್ಬರ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸುವುದು ಇಬ್ಬರಿಗೂ ನ್ಯಾಯವಲ್ಲ. ಆದರೆ ಮೈಲುತುತ್ತದ ಉಪಾಯವನ್ನು ನಮ್ಮ ಐಟಿಐ ಫಿಟ್ಟರುಗಳೂ ಬಲ್ಲರು: ಉಕ್ಕಿನ ತಗಡಿಗೆ ಅದನ್ನು ಬಳಿದರೆ ತಾಮ್ರದ ತೆಳು ಪದರ ಕೂತು, ಗೀರಿದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಉಕ್ಕಿನ ಫಲಕದ ಮೇಲೆ ಅಕ್ಷರದ ಸ್ಥಾನ ಗುರುತಿಸಲು ನಾನು ಇಂದಿಗೂ ಅದನ್ನೇ ಬಳಸುತ್ತೇನೆ.

ಗುರುತಿಸಿದ್ದಾಯಿತು. ಕಂಪ್ಯೂಟರಿನಲ್ಲಿ ಯಾವ ಫಾಂಟ್ ಬಳಸಲಿ?

ಲೆರಾಯ್ ಬಗೆಯ ಅಕ್ಷರಕ್ಕೆ ರೌಟೆಡ್ ಗಾಥಿಕ್ ಎಂಬ ಉಚಿತ ಫಾಂಟ್ ಇದೆ, ಮುಕ್ತ ಪರವಾನಗಿಯದು. ನಾನು ಹೆಚ್ಚಾಗಿ ಇದನ್ನೇ ಸೂಚಿಸುತ್ತೇನೆ. ಗಾರ್ಟನ್ ಫಲಕಗಳಿಗೆ ಓಪನ್ ಗಾರ್ಟನ್ ಎಂಬುದೊಂದು ಇದೆ. ಐಎಸ್ಒ ಅಕ್ಷರವಾದರೆ ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್ ಜೊತೆಗೇ ಬರುವ ಐಸೊಸಿಪಿ ಸಾಕಾಗುತ್ತದೆ. 1980ರ ದಶಕದ ನಂತರದ ಪ್ಲಾಟರ್ ನಕ್ಷೆಗಳಲ್ಲಿ ವಕ್ರರೇಖೆಗಳು ಸಣ್ಣ ಸಣ್ಣ ನೇರ ತುಂಡುಗಳಿಂದ ಕೂಡಿದ್ದರೆ ಹರ್ಷೆ ಅಕ್ಷರಗಳನ್ನು ನೋಡಿ. ಅಮೆರಿಕದ ನೌಕಾಪಡೆಯ ಡಾಲ್‌ಗ್ರೆನ್ ಪ್ರಯೋಗಾಲಯದಲ್ಲಿ ಅಲೆನ್ ಹರ್ಷೆಯವರು 1967ರಲ್ಲಿ ಪ್ರಕಟಿಸಿದ ಅಕ್ಷರಮಾಲೆಗಳವು.

ಲೇಸರಿನಲ್ಲಿ ಕೆತ್ತಿಸಿದರೆ ಪ್ರತಿ ಅಕ್ಷರವೂ ಎರಡೆರಡು ಗೆರೆಯಾಗಿ ಬರುತ್ತಿದೆ. ಏಕೆ?

ಸಾಮಾನ್ಯ ಫಾಂಟ್ ಕಡತದಲ್ಲಿರುವುದು ಅಕ್ಷರದ ಅಂಚು. ಯಂತ್ರ ಆ ಅಂಚಿನ ಸುತ್ತ ಓಡುತ್ತದೆ, ಆದ್ದರಿಂದ ಗೆರೆಯ ಬದಲು ಪೊಳ್ಳು ಕೊಳವೆಯಂಥ ಆಕಾರ ಬರುತ್ತದೆ. ಕೆತ್ತನೆಗೆ ಬೇಕಾದದ್ದು ನಡುಗೆರೆ ಮಾತ್ರವಿರುವ ಏಕರೇಖೆಯ ಅಕ್ಷರ. ಆಟೋಕ್ಯಾಡಿನ ಎಸ್‌ಎಚ್‌ಎಕ್ಸ್ ಕಡತಗಳು ಅಂಥವು. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಹರ್ಷೆ ಟೆಕ್ಸ್ಟ್ ಎಂಬ ಸೌಲಭ್ಯದಿಂದಲೂ ಅವು ದೊರೆಯುತ್ತವೆ. ನಿಮಗೆ ಬೇಕಾದ ಅಕ್ಷರ ಅಂಚಿನ ರೂಪದಲ್ಲಿ ಮಾತ್ರ ಇದ್ದರೆ ಅದನ್ನು ತೆಳುವಾಗಿ ಹಿನ್ನೆಲೆಯಲ್ಲಿಟ್ಟುಕೊಂಡು ನಡುಗೆರೆಯನ್ನು ಕೈಯಿಂದಲೇ ಬರೆಯಿರಿ. ಒಂದು ಫಲಕಕ್ಕೆ ಬೇಕಾಗುವುದು ಇಪ್ಪತ್ತು ಅಕ್ಷರ, ಒಂದು ಸಂಜೆಯ ಕೆಲಸ.

ಯಂತ್ರದ ಕತ್ತರಿಯಿಂದ ಕೆತ್ತಿಸುವುದಾದರೆ ದಪ್ಪವನ್ನು ಆಳದಿಂದ ಪಡೆಯಿರಿ. ಮೊನೆಯ ಪೂರ್ಣ ಕೋನ 60 ಡಿಗ್ರಿ ಇರುವ ಚೂಪು ಕತ್ತರಿ 0.3 ಮಿ.ಮೀ. ಇಳಿದರೆ ಮೇಲ್ಮೈಯಲ್ಲಿ ಸುಮಾರು 0.35 ಮಿ.ಮೀ. ಅಗಲದ ಗೆರೆ ಮೂಡುತ್ತದೆ, ಅಂದರೆ 3.5 ಮಿ.ಮೀ. ಅಕ್ಷರಕ್ಕೆ ಬಿ ಮಾದರಿಯ ದಪ್ಪ ತಾನಾಗಿಯೇ ಸಿಗುತ್ತದೆ. ಫಲಕ ಸಮತಟ್ಟಾಗಿಲ್ಲದಿದ್ದರೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಆಗುವುದೂ ಇದೇ ಲೆಕ್ಕದಿಂದ. ಮೊದಲು ಫಲಕವನ್ನು ಮಟ್ಟ ಮಾಡಿಸಿ.

ಕನ್ನಡ ಅಕ್ಷರಗಳನ್ನು ಇದೇ ಶೈಲಿಯಲ್ಲಿ ಕೆತ್ತಬಹುದೇ?

ಕೆತ್ತಬಹುದು, ಕೆತ್ತಲೇಬೇಕು ಎಂಬುದು ನನ್ನ ಆಸೆ ಕೂಡ. ಯಂತ್ರದ ಮುಂದೆ ನಿಲ್ಲುವ ಕೆಲಸಗಾರ ಓದಬಲ್ಲ ಲಿಪಿಯಲ್ಲಿ ಎಚ್ಚರಿಕೆಯ ಫಲಕ ಇರಬೇಕು. ಹರ್ಷೆ ಸಂಗ್ರಹದಲ್ಲಿ ಗ್ರೀಕ್, ರಷ್ಯನ್, ಜಪಾನಿ ಅಕ್ಷರಗಳಿವೆ, ಕನ್ನಡ ಇಲ್ಲ. ಆದ್ದರಿಂದ ನಡುಗೆರೆಗಳನ್ನು ನಾವೇ ಬರೆದುಕೊಳ್ಳಬೇಕು. ನಮ್ಮ ಲಿಪಿ ದುಂಡಾಗಿರುವುದರಿಂದ ದುಂಡು ತುದಿಯ ಕತ್ತರಿಗೆ ಅದು ಚೆನ್ನಾಗಿ ಒಗ್ಗುತ್ತದೆ. ತೊಡಕು ಇರುವುದು ಎರಡು ಕಡೆ. ಭ, ಛ, ಣ ಮುಂತಾದವುಗಳ ಒಳಸುರುಳಿಗಳು ಸಣ್ಣ ಗಾತ್ರದಲ್ಲಿ ಮುಚ್ಚಿಹೋಗುತ್ತವೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು ಮುಂದಿನ ಸಾಲನ್ನು ಮುಟ್ಟುತ್ತವೆ. ಇಂಗ್ಲಿಷಿಗೆ 3.5 ಮಿ.ಮೀ. ಸಾಕಾಗುವ ಕಡೆ ಕನ್ನಡದ ಮೂಲಾಕ್ಷರಕ್ಕೆ 5 ಮಿ.ಮೀ. ಕೊಡಿ, ಸಾಲಿನಿಂದ ಸಾಲಿಗೆ ಅದರ ಎರಡರಷ್ಟು ಅಂತರವಿಡಿ, ಗೆರೆಯನ್ನು ಎತ್ತರದ ಹದಿನಾಲ್ಕನೇ ಒಂದು ಭಾಗಕ್ಕಿಂತ ದಪ್ಪ ಮಾಡಬೇಡಿ. ‘ಮುಟ್ಟಬೇಡಿ’, ‘ವಿದ್ಯುತ್ ಅಪಾಯ’ ಎಂಬ ಪದಗಳಿಗೆ ನಾನು ಬರೆದುಕೊಂಡ ನಡುಗೆರೆಗಳನ್ನು ಕೇಳಿದವರಿಗೆಲ್ಲ ಕೊಡುತ್ತೇನೆ.

ಹೊಸ ಅಕ್ಷರ ಹಳೆಯದಕ್ಕೆ ಹೊಂದಿತೆಂದು ಕೊನೆಗೆ ಪರೀಕ್ಷಿಸುವುದು ಹೇಗೆ?

ಹಳೆಯ ಫಲಕದ ಒಂದು ಇಡೀ ಸಾಲನ್ನು ಅದೇ ಗಾತ್ರದಲ್ಲಿ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ ಮೂಲದ ಮೇಲಿಡಿ. ಬಿಡಿ ಅಕ್ಷರಗಳೆಲ್ಲ ಕೂತರೂ ಸಾಲಿನ ಕೊನೆ ಕೂಡದಿದ್ದರೆ ತಪ್ಪು ಇರುವುದು ಅಂತರದಲ್ಲಿ: ಪ್ಯಾಂಟೋಗ್ರಾಫಿನಲ್ಲಿ ಕೆಲಸಗಾರನು ಮೂಲ ಅಕ್ಷರದ ಹಿತ್ತಾಳೆ ತುಂಡುಗಳನ್ನು ಪಕ್ಕಪಕ್ಕ ಜೋಡಿಸುತ್ತಿದ್ದುದರಿಂದ, ಅಕ್ಷರ ಜೋಡಿಗೆ ತಕ್ಕಂತೆ ಅಂತರವನ್ನು ಕಿರಿದುಗೊಳಿಸುವ ಇಂದಿನ ತಂತ್ರಾಂಶದ ಸೌಕರ್ಯ ಅಲ್ಲಿರಲಿಲ್ಲ. ಆ ಸೌಕರ್ಯವನ್ನು ನಿಲ್ಲಿಸಿ ಮತ್ತೊಮ್ಮೆ ಮುದ್ರಿಸಿ ನೋಡಿ. ಆಗಲೂ ಕೂಡದಿದ್ದರೆ ಒಂದೊಂದೇ ಅಂತರವನ್ನು ಅಳೆದು ಕೂಡಿಸಿ. ಎಲ್ಲ ಹೊಂದಿದ ಮೇಲೆ ಅಕ್ಷರದ ಹೆಸರು, ಎತ್ತರ, ಗೆರೆಯ ದಪ್ಪ, ಕತ್ತರಿಯ ಕೋನ ಮತ್ತು ಆಳವನ್ನು ಹೊಸ ನಕ್ಷೆಯ ಶೀರ್ಷಿಕೆಯ ಚೌಕದ ಪಕ್ಕದಲ್ಲೇ ಬರೆದಿಡಿ. ಹಳೆಯ ಫಲಕವನ್ನು ಎಸೆಯದೆ, ಕಾಗದದಲ್ಲಿ ಸುತ್ತಿ, ಯಂತ್ರದ ಉಳಿದ ದಾಖಲೆಗಳ ಜೊತೆಗೇ ಇಡಿ.